ಒಂದೇ ಸೂರು, ಐದು ಒಲೆ

ಒರಾಕಲ್ ಕಂಪನಿಯ ಡೇಟಾಬೇಸ್ ಯಂತ್ರ ಎಕ್ಸಾಡೇಟಾ ಎಂದರೆ ಎಲ್ಲವೂ ಕೂಡಿಬಂದ ಒಂದೇ ಯಂತ್ರ ಎಂದು ಅದನ್ನು ಕೊಂಡವರು ನಂಬಿರುತ್ತಾರೆ. ಪ್ಯಾಚ್ (ತಂತ್ರಾಂಶದ ತಿದ್ದುಪಡಿ) ಹಾಕಲು ಕುಳಿತವನಿಗೆ ಅದು ಕೂಡುಕುಟುಂಬ. ಸೂರು ಒಂದೇ, ಒಲೆಗಳು ಬೇರೆ ಬೇರೆ: ಡಿಸ್ಕುಗಳನ್ನು ಹೊತ್ತ ಸ್ಟೋರೇಜ್ ಸೆಲ್‌ಗಳು, ಡೇಟಾಬೇಸ್ ಸರ್ವರ್‌ಗಳು, ಸ್ವಿಚ್‌ಗಳು, ಸರ್ವರ್‌ಗಳನ್ನೂ ಡಿಸ್ಕುಗಳನ್ನೂ ಒಂದುಗೂಡಿಸುವ ಗ್ರಿಡ್ ಇನ್‌ಫ್ರಾಸ್ಟ್ರಕ್ಚರ್, ಕೊನೆಗೆ ಡೇಟಾಬೇಸ್.

ನವಿ ಮುಂಬಯಿಯ ಐರೋಲಿಯ ಡೇಟಾ ಸೆಂಟರಿನಲ್ಲಿರುವ ನಮ್ಮ ರ‍್ಯಾಕಿನಲ್ಲಿ ಡೇಟಾಬೇಸ್ ಸರ್ವರ್ 2, ಸೆಲ್ 3. ಮೂರು ತಿಂಗಳಿಗೊಮ್ಮೆ ಪ್ಯಾಚ್ ಬಂದಾಗ ಮೊದಲು ಪರೀಕ್ಷಾ ಯಂತ್ರಕ್ಕೆ ಹಾಕಿ, ಒಂದೆರಡು ವಾರ ಬಿಟ್ಟು ಶನಿವಾರ ರಾತ್ರಿ ಇದಕ್ಕೆ ಕೈಹಾಕುತ್ತೇನೆ. ಯಂತ್ರದ ಆರೋಗ್ಯ ತಪಾಸಿಸುವ ಎಕ್ಸಾಚೆಕ್ ವರದಿಯನ್ನು ಮಾತ್ರ ವಾರ ಮೊದಲೇ ತೆಗೆಯುತ್ತೇನೆ. ಡಿಸ್ಕಿನ ರೂಟ್ ವಿಭಾಗದಲ್ಲಿ ಜಾಗವಿಲ್ಲ ಎಂಬುದು ರಾತ್ರಿ ಹನ್ನೊಂದಕ್ಕೆ ತಿಳಿಯಬೇಕಾದ ಸುದ್ದಿಯಲ್ಲ.

ಮೊದಲ ಸಲ ಡೊಂಬಿವಲಿಯ ಮನೆಯಿಂದ, ಲ್ಯಾಪ್‌ಟಾಪಿನ ಮೇಲೇ ಭರವಸೆಯಿಟ್ಟು, ಪ್ಯಾಚ್ ಹಾಕುವ ಸಾಧನವಾದ ಪ್ಯಾಚ್‌ಎಂಜಿಆರ್ ಓಡಿಸಿದ್ದೆ. ಮಳೆಗಾಲ, ಅರ್ಧದಲ್ಲಿ ಕರೆಂಟು ಹೋಯಿತು, ಸಂಪರ್ಕವೂ ಹೋಯಿತು. ಅಂದಿನಿಂದ ಬೇರೊಂದು ಸರ್ವರಿನಲ್ಲಿ ಸಂಪರ್ಕ ಕಡಿದರೂ ಕೆಲಸ ನಿಲ್ಲಿಸದ ‘ಸ್ಕ್ರೀನ್’ ತೆರೆದು, ಅದರೊಳಗಿಂದಲೇ ಓಡಿಸುತ್ತೇನೆ.

ಈ ಸಲ ಜೊತೆಗಿದ್ದವನು ಹುಬ್ಬಳ್ಳಿಯ ಹುಡುಗ. ಮೊದಲ ಸೆಲ್‌ಗೇ ಒಂದೂವರೆ ಗಂಟೆ ಹಿಡಿದದ್ದನ್ನು ಕಂಡು, “ಅಣ್ಣಾ, ಮೂರನ್ನೂ ಒಟ್ಟಿಗೇ ಇಳಿಸಿದರೆ ಬೇಗ ಮುಗಿಯುತ್ತದಲ್ಲ?” ಎಂದ. ಮುಗಿಯುತ್ತದೆ, ಆದರೆ ಡೇಟಾಬೇಸನ್ನೂ ಅಷ್ಟು ಹೊತ್ತು ಮುಚ್ಚಬೇಕು. ಒಂದೊಂದಾಗಿ ಮಾಡುವುದರಲ್ಲೂ ಅಪಾಯವಿಲ್ಲವೆಂದಲ್ಲ. ನಮ್ಮಲ್ಲಿ ದತ್ತಾಂಶದ ಪ್ರತಿಗಳು ಎರಡೇ, ಬೇರೆ ಬೇರೆ ಸೆಲ್‌ಗಳಲ್ಲಿ. ಒಂದು ಸೆಲ್ ಇಳಿದಿರುವಾಗ ಉಳಿದ ಒಂಟಿ ಪ್ರತಿಯಿರುವ ಡಿಸ್ಕು ಕೈಕೊಟ್ಟರೆ ಡಿಸ್ಕುಗಳ ಇಡೀ ಗುಂಪು, ಅಂದರೆ ಡಿಸ್ಕ್ ಗ್ರೂಪೇ, ಕುಸಿಯುತ್ತದೆ. ಸೆಲ್ ಮೇಲೆದ್ದ ಮಾತ್ರಕ್ಕೂ ನಿರಾಳವಿಲ್ಲ. ಸೆಲ್ ಡಿಸ್ಕುಗಳ ಪಾಲುಗಳಾದ ಗ್ರಿಡ್ ಡಿಸ್ಕುಗಳ ಸ್ಥಿತಿ ‘ಸಿಂಕಿಂಗ್’ ಎಂದಿದ್ದರೆ ಆ ನಡುವೆ ಬರೆದದ್ದೆಲ್ಲ ಇನ್ನೂ ನಕಲಾಗುತ್ತಿದೆ ಎಂದರ್ಥ. ಎಲ್ಲ ಸಾಲುಗಳೂ ‘ಆನ್‌ಲೈನ್’ ಆಗುವವರೆಗೆ ಮುಂದಿನ ಸೆಲ್ ಮುಟ್ಟುವಂತಿಲ್ಲ. ಪ್ಯಾಚ್‌ಎಂಜಿಆರ್ ತಾನೇ ಕಾಯುತ್ತದೆ ನಿಜ. ಆದರೂ ಇನ್ನೊಂದು ಕಿಟಕಿಯಲ್ಲಿ, ಸೆಲ್‌ಗೆ ಆದೇಶ ಕೊಡುವ ಸೆಲ್‌ಸಿಎಲ್‌ಐ ತೆರೆದು ನನ್ನ ಕಣ್ಣಾರೆ ನೋಡದಿದ್ದರೆ ಸಮಾಧಾನವಿಲ್ಲ.

ಬೆಳಗಿನ ಜಾವ ಮೊದಲ ಡೇಟಾಬೇಸ್ ಸರ್ವರ್ ಇಳಿಸಿದೆವು. ಎರಡನೆಯದು ಭಾರ ಹೊತ್ತುಕೊಂಡಿತ್ತು. ಹತ್ತೇ ನಿಮಿಷದಲ್ಲಿ ಫೋನು: ವರದಿಗಳು ಬರುತ್ತಿಲ್ಲ. ಯಾರೋ ಪುಣ್ಯಾತ್ಮರು ವರದಿಗಳ ತಂತ್ರಾಂಶದಲ್ಲಿ, ಎರಡೂ ಸರ್ವರ್‌ಗಳಿಗೆ ಸಾಮಾನ್ಯವಾದ ಸ್ಕ್ಯಾನ್ ವಿಳಾಸದ ಬದಲು ಮೊದಲ ಸರ್ವರಿನ ವಿಳಾಸವನ್ನೇ ಕೆತ್ತಿಟ್ಟಿದ್ದರು. ವಿಳಾಸ ಬದಲಿಸಲು ಐದು ನಿಮಿಷ, ಬದಲಿಸಬಲ್ಲವರನ್ನು ನಿದ್ದೆಯಿಂದ ಎಬ್ಬಿಸಲು ಮುಕ್ಕಾಲು ಗಂಟೆ.

ಗ್ರಿಡ್, ಡೇಟಾಬೇಸ್ ಎರಡಕ್ಕೂ ತಂತ್ರಾಂಶಕ್ಕೆ ಪ್ಯಾಚ್ ಹಾಕುವ ಒಪ್ಯಾಚ್ ತಕರಾರಿಲ್ಲದೆ ಮುಗಿಯಿತು. ಹುಡುಗ ಚೀಲ ಕಟ್ಟತೊಡಗಿದ. ಡೇಟಾಪ್ಯಾಚ್ ಓಡಿಸದೆ ಹೊರಟರೆ ತಂತ್ರಾಂಶವಷ್ಟೇ ಹೊಸದು, ಡೇಟಾಬೇಸಿನ ಒಳಗಿನ ಎಸ್‌ಕ್ಯೂಎಲ್ ಬದಲಾವಣೆಗಳು ಹಾಗೇ ಬಾಕಿ. ಓಡಿಸಿ, ಎಲ್ಲ ಪಿಡಿಬಿಗಳ (ಡೇಟಾಬೇಸಿನೊಳಗಿನ ಉಪ-ಡೇಟಾಬೇಸುಗಳ) ದಾಖಲೆಯನ್ನೂ ಒಟ್ಟಿಗೆ ತೆಗೆದು ನೋಡಿದೆ. ಎಲ್ಲೆಡೆ ‘ಸಕ್ಸೆಸ್’, ಒಂದರದು ಮಾತ್ರ ಸಾಲೇ ಇಲ್ಲ. ಮುಚ್ಚಿದ್ದ ಪಿಡಿಬಿ, ಡೇಟಾಪ್ಯಾಚ್ ತೆರೆದಿರುವವನ್ನು ಮಾತ್ರ ಮುಟ್ಟುತ್ತದೆ. ಅದನ್ನು ತೆರೆದು ಮತ್ತೊಮ್ಮೆ ಓಡಿಸಿ, ಆ ಸಾಲು ಬಂದ ಮೇಲೆ ಇಬ್ಬರೂ ಠಾಣೆಯ ಲೋಕಲ್ ಹತ್ತಿದೆವು.