ನೂಲಿಗೆ ಸ್ನಾನ ಮಾಡಿಸದೆ ಕಡ್ಡಿಗೆ ಏರಿಸಬೇಡಿ

ಮೊನ್ನೆ ಮೊಮ್ಮಗಳು ತಾನೇ ನೂತು, ತಾನೇ ಹೆಣೆದ ಸ್ವೆಟರ್ ಹಾಕಿಕೊಂಡು ನನ್ನ ಮುಂದೆ ಬಂದು ನಿಂತಳು. ಕುಣಿಕೆಗಳೆಲ್ಲ ಒಂದೇ ಸಮ, ಕತ್ತಿನ ಪಟ್ಟಿ ಚೆಂದ, ಆದರೆ ಇಡೀ ಸ್ವೆಟರ್ ಓರೆ. ಪಕ್ಕದಲ್ಲಿ ನೇರವಾಗಿ ಇಳಿಯಬೇಕಾದ ಹೊಲಿಗೆ ಹೊಟ್ಟೆಯ ಕಡೆಗೆ ಸುತ್ತಿಕೊಂಡು ಬಂದಿತ್ತು. "ಅಜ್ಜಿ, ಮೂರು ಸಲ ಎಣಿಸಿದೆ, ಒಂದು ಕುಣಿಕೆಯೂ ತಪ್ಪಿಲ್ಲ" ಅಂದಳು. ತಪ್ಪಿರಲಿಲ್ಲ, ನಿಜ. ನಾನು ಕೇಳಿದ್ದು ಒಂದೇ ಮಾತು, "ಹೆಣೆಯೋಕೆ ಮೊದಲು ನೂಲು ತೊಳೆದಿದ್ಯಾ?" "ಸ್ವೆಟರ್ ಆದ್ಮೇಲೆ ಹೇಗಿದ್ರೂ ತೊಳೀಬೇಕಲ್ಲ ಅಜ್ಜಿ, ಎರಡೆರಡು ಸಲ ಯಾಕೆ?" ಅಂತ ಉತ್ತರ ಬಂತು.

ಈ ಉತ್ತರ ನನಗೆ ಹೊಸದಲ್ಲ. ಹೆಣಿಗೆ ಕಲಿಯೋಕೆ ಬರುವ ಹುಡುಗಿಯರು, ಈಗೀಗ ಹುಡುಗರು ಕೂಡ, ಎಲ್ಲರೂ ಇದನ್ನೇ ಹೇಳುತ್ತಾರೆ. ಕದಿರಿನಿಂದ ನೂಲು ಇಳಿಸಿದ ತಕ್ಷಣ ಉಂಡೆ, ಉಂಡೆ ಆದ ತಕ್ಷಣ ಕಡ್ಡಿ. ತಿಂಗಳುಗಟ್ಟಲೆ ಕೂತು ನೂಲುವ ತಾಳ್ಮೆ ಇರುತ್ತೆ, ಇನ್ನೆರಡು ದಿನ ಕಾಯುವ ತಾಳ್ಮೆ ಇರುವುದಿಲ್ಲ. ನೋಡಿ ನೋಡಿ ನನಗೆ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಉಣ್ಣೆ ಅಂದರೆ ಏನು? ಕುರಿಯ ಕೂದಲು. ನಮ್ಮ ತಲೆಗೂದಲು ಒದ್ದೆ ಇದ್ದಾಗ ಜಡೆ ಹಾಕಿ, ಒಣಗಿದ ಮೇಲೆ ಬಿಚ್ಚಿದರೆ ಆ ಡೊಂಕು ಹಾಗೇ ನಿಲ್ಲುತ್ತೆ ಅಲ್ವಾ? ಒಣಕೂದಲಿಗೆ ಜಡೆ ಹಾಕಿ ಬಿಚ್ಚಿ ನೋಡಿ, ಅಷ್ಟು ನಿಲ್ಲುವುದಿಲ್ಲ. ನೂಲಿಗೂ ಇದೇ ಲೆಕ್ಕ. ನೂಲುವಾಗ ನೀವು ಕೊಟ್ಟ ಹುರಿ, ಅಂದರೆ ಎಳೆಯ ತಿರುವು, ನೀರು ಕುಡಿದು ಒಣಗಿದ ಮೇಲೆ ತನ್ನ ಜಾಗದಲ್ಲಿ ಕೂರುತ್ತೆ. ಅಲ್ಲಿಯವರೆಗೆ ಅದು ಚಡಪಡಿಸುತ್ತಲೇ ಇರುತ್ತೆ. ಅದೂ ಅಲ್ಲದೆ ನೂಲುವಾಗ, ಸುತ್ತುವಾಗ ಎಳೆ ಬಿಗಿಯಾಗಿ ಹಿಗ್ಗಿರುತ್ತೆ. ನೀರು ಬಿದ್ದ ಕೂಡಲೆ ವಾಪಸ್ ಕುಗ್ಗಿ, ಉಬ್ಬಿ, ದಪ್ಪ ಆಗುತ್ತೆ. ಲೆಕ್ಕ ಹಾಕಿ ನೋಡಿ. ತೊಳೆಯದ ನೂಲಿನಲ್ಲಿ 10 ಸೆಂಟಿಮೀಟರಿಗೆ 20 ಕುಣಿಕೆ ಬಂತು ಅಂತ 220 ಕುಣಿಕೆ ಹಾಕಿದರೆ ಸುತ್ತಳತೆ 110 ಸೆಂಟಿಮೀಟರ್. ತೊಳೆದ ಮೇಲೆ ಅದೇ ಜಾಗದಲ್ಲಿ 22 ಕುಣಿಕೆ ಕೂತರೆ 100 ಸೆಂಟಿಮೀಟರ್. 10 ಸೆಂಟಿಮೀಟರ್ ಹೋಯಿತು! ಅಪ್ಪನಿಗೆ ಅಂತ ಹೆಣೆದದ್ದು ಮಗನ ಪಾಲಿಗೆ ಬರುತ್ತೆ.

ನೂಲುವುದು ಹೇಗೆ ಅಂತ ಇಲ್ಲಿ ಹೇಳಿಕೊಡುವುದಿಲ್ಲ, ಅದು ನಿಮಗೆ ಗೊತ್ತಿದೆ ಅಂದುಕೊಳ್ಳುತ್ತೇನೆ. ಎಳೆಗಳನ್ನು ಬಲಕ್ಕೆ ತಿರುಗಿಸಿ ನೂತಿದ್ದರೆ, ಎರಡು ಎಳೆ ಕೂಡಿಸಿ ಹುರಿ ಮಾಡುವಾಗ ಎಡಕ್ಕೆ ತಿರುಗಿಸಬೇಕು, ಅಷ್ಟು ನೆನಪಿರಲಿ. ಕೂಡಿಸುವ ಮೊದಲು ನೂತ ಎಳೆ ಒಂದು ರಾತ್ರಿ ಕದಿರಿನಲ್ಲೇ ಸುಮ್ನೆ ಮಲಗಿರಲಿ. ಈಗ ನೂತು ಈಗಲೇ ಕೂಡಿಸಲು ಹೋದರೆ ಎಳೆಗಳು ಒಂದರ ಮೇಲೊಂದು ಬಿದ್ದು ಸಿಕ್ಕಾಗುತ್ತವೆ.

ಈಗ ಸ್ನಾನದ ವಿಷಯ. ಇದನ್ನು ನನಗೆ ಕಲಿಸಿದವರು ನಮ್ಮತ್ತೆ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಲಡಿಯನ್ನು, ಅಂದರೆ ದೊಡ್ಡ ಬಳೆಯ ಹಾಗೆ ಸುತ್ತಿದ ನೂಲನ್ನು, ಒಂದೇ ಕಡೆ ಬಿಗಿಯಾಗಿ ಕಟ್ಟಿ ಬಕೆಟ್ಟಿಗೆ ಹಾಕಿಬಿಟ್ಟಿದ್ದೆ. ತೆಗೆದು ನೋಡಿದರೆ ಹಕ್ಕಿಗೂಡು. ಅವರು ಬಯ್ಯಲಿಲ್ಲ. ಆ ಸಿಕ್ಕನ್ನು ನನ್ನ ತೊಡೆಯ ಮೇಲೆ ಹಾಕಿ "ಬಿಡಿಸು" ಅಂದರು. ಮೂರು ಮಧ್ಯಾಹ್ನ ಹಿಡಿಯಿತು. ಅದಾದ ಮೇಲೆ ಒಂದು ಲಡಿಯನ್ನೂ ಅವಸರದಲ್ಲಿ ಕಟ್ಟಿಲ್ಲ.

ಕಟ್ಟುವುದು ಹೀಗೆ. ಲಡಿಯನ್ನು ಅಗಲವಾಗಿ ಹರಡಿ ಹಿಡಿದುಕೊಳ್ಳಿ. ನಾಲ್ಕು ಕಡೆ ಕಟ್ಟಬೇಕು, ದೊಡ್ಡ ಲಡಿಯಾದರೆ ಆರು ಕಡೆ. ಕಟ್ಟೋಕೆ ಬಿಳಿ ಹತ್ತಿ ದಾರವೇ ಬೇಕು. ಕೆಂಪು, ನೀಲಿ ದಾರ ಕೈಗೆ ಸಿಕ್ಕಿತು ಅಂತ ಅದನ್ನೇ ಕಟ್ಟಿದರೆ ಬಣ್ಣ ಬಿಟ್ಟು ನಾಲ್ಕು ಕಡೆ ಕಲೆ ಬೀಳುತ್ತೆ. ದಾರವನ್ನು ಲಡಿಯ ಸುತ್ತ ಹಾಗೇ ಬಳಸಿ ಗಂಟು ಹಾಕಬೇಡಿ. ಲಡಿಯ ಎಳೆಗಳನ್ನು ಬೆರಳಿನಿಂದ ಎರಡು ಪಾಲು ಮಾಡಿ, ದಾರವನ್ನು ಒಂದು ಪಾಲಿನ ಮೇಲಿಂದ ಇನ್ನೊಂದು ಪಾಲಿನ ಕೆಳಗೆ ನುಗ್ಗಿಸಿ, ವಾಪಸ್ ತಂದು, ಇಂಗ್ಲಿಷಿನ 8 ಬರೆದ ಹಾಗೆ ತಿರುಗಿಸಿ ಗಂಟು ಹಾಕಿ. ಆಗ ಎಳೆಗಳು ತಮ್ಮ ತಮ್ಮ ಪಾಲಿನಲ್ಲೇ ಉಳಿಯುತ್ತವೆ, ಅತ್ತಿಂದಿತ್ತ ಹಾರುವುದಿಲ್ಲ. ಗಂಟು ಸಡಿಲ ಇರಲಿ. ಎಷ್ಟು ಸಡಿಲ ಅಂದರೆ ನಿಮ್ಮ ಕಿರುಬೆರಳು ಒಳಗೆ ಹೋಗಿ ಬರುವಷ್ಟು. ಬಿಗಿದು ಕಟ್ಟಿದರೆ ಆ ಜಾಗಕ್ಕೆ ನೀರು ಸರಿಯಾಗಿ ಇಳಿಯುವುದಿಲ್ಲ, ಮುಂದೆ ಬಣ್ಣ ಹಾಕಿದರೆ ಅಲ್ಲಿ ಬಿಳಿ ಪಟ್ಟೆ ಉಳಿಯುತ್ತೆ. ನೂಲಿನ ಎರಡು ತುದಿಗಳನ್ನೂ ಇದೇ ದಾರಕ್ಕೆ ಕಟ್ಟಿಡಿ, ಆಮೇಲೆ ಹುಡುಕುವ ಗೋಳು ಇರುವುದಿಲ್ಲ.

ನೀರು ಉಗುರು ಬೆಚ್ಚಗಿಂತ ಸ್ವಲ್ಪ ಜಾಸ್ತಿ ಬಿಸಿ, ಮಗುವಿಗೆ ಸ್ನಾನ ಮಾಡಿಸುವ ಹದ. ಮೊಣಕೈ ಅದ್ದಿ ನೋಡಿದರೆ ಹಿತವಾಗಿರಬೇಕು. ಸೋಪು ಒಂದು ಚೂರು, ಮೆತ್ತನೆಯದು, ತಲೆಗೆ ಹಾಕುವ ಶಾಂಪೂ ಆದರೂ ನಡೆಯುತ್ತೆ. ಬಟ್ಟೆ ತೊಳೆಯುವ ಖಾರದ ಪುಡಿ ಮಾತ್ರ ಬೇಡ. ಸೋಪನ್ನು ಮೊದಲೇ ನೀರಿನಲ್ಲಿ ಕದಡಿ, ಆಮೇಲೆ ಲಡಿಯನ್ನು ಮೇಲೆ ಇಡಿ. ಇಡಿ ಅಂದೆ, ಮುಳುಗಿಸಿ ಅಂತ ಅಲ್ಲ. ಅದು ತಾನಾಗಿ ನೀರು ಕುಡಿಯುತ್ತಾ ಕೆಳಗೆ ಇಳಿಯುತ್ತೆ. ನಾನು ಪ್ರತಿ ಸಲವೂ ನಿಂತು ನೋಡುತ್ತೇನೆ. ಮೊದಲು ಅಂಚು ಕಪ್ಪಾಗುತ್ತೆ, ಆಮೇಲೆ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ, ತಿರುಚಿಕೊಂಡಿದ್ದ ಲಡಿ ನಿಧಾನಕ್ಕೆ ಮೈ ಬಿಟ್ಟು ಅಗಲವಾಗಿ ಹರಡಿಕೊಳ್ಳುತ್ತೆ. ಅರ್ಧ ಗಂಟೆ ಹಾಗೇ ಬಿಡಿ. ಉಜ್ಜಬೇಡಿ, ಕಲಕಬೇಡಿ, ಮೇಲಿಂದ ನಲ್ಲಿ ಬಿಡಬೇಡಿ. ಉಣ್ಣೆಯ ಎಳೆಯ ಮೇಲೆ ಮೀನಿನ ಮೈಯಲ್ಲಿರುವಂಥ ಸಣ್ಣ ಸಣ್ಣ ಹುರುಪೆ ಇರುತ್ತೆ. ಬಿಸಿ, ಸೋಪು, ತಿಕ್ಕಾಟ ಮೂರೂ ಸೇರಿದರೆ ಆ ಹುರುಪೆಗಳು ಒಂದಕ್ಕೊಂದು ಕಚ್ಚಿಕೊಂಡುಬಿಡುತ್ತವೆ. ಆಮೇಲೆ ಅದು ನೂಲಲ್ಲ, ಹಗ್ಗ. ಅದನ್ನು ಬಿಡಿಸೋಕೆ ಯಾರಿಂದಲೂ ಆಗುವುದಿಲ್ಲ. ಹಾಗೇ ಎರಡನೇ ನೀರು, ಮೂರನೇ ನೀರು ಕೂಡ ಮೊದಲನೆಯದರಷ್ಟೇ ಬೆಚ್ಚಗಿರಲಿ. ಬಿಸಿಯಿಂದ ಎತ್ತಿ ತಣ್ಣೀರಿಗೆ ಹಾಕಬೇಡಿ.

ಸೋಪಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ, ಟವೆಲ್ ತೊಳೆಯುವಾಗಲೂ ನೀವೆಲ್ಲ ಹಾಕುವ ಪುಡಿ ಜಾಸ್ತಿಯಾಯಿತು. ಒಣಗಿದ ಟವೆಲ್ ರಟ್ಟಿನ ಹಾಗೆ ಆಗಿದೆ, ನೀರು ಹೀರುತ್ತಿಲ್ಲ ಅಂತ ಹೊಸದು ತರುತ್ತೀರಿ. ಟವೆಲ್ ಹಾಳಾಗಿರುವುದಿಲ್ಲ, ಹೋಗದ ಸೋಪು ಅದರಲ್ಲಿ ಕೂತಿರುತ್ತೆ. ಒಂದೆರಡು ಸಲ ಪುಡಿ ಹಾಕದೆ ಬರೀ ಬಿಸಿನೀರಿನಲ್ಲಿ ಜಾಲಿಸಿ ನೋಡಿ, ನೊರೆ ಬರುತ್ತೆ.

ಇರಲಿ, ಲಡಿಗೆ ಬರೋಣ. ಎರಡು ಅಂಗೈಯನ್ನೂ ಅಡಿಗೆ ಕೊಟ್ಟು ಎತ್ತಿ, ಮೆಲ್ಲಗೆ ಅದುಮಿ ನೀರು ತೆಗೆಯಿರಿ. ಸೀರೆ ಹಿಂಡಿದ ಹಾಗೆ ಹಿಂಡಿದರೆ ಅಷ್ಟು ಹೊತ್ತಿನ ಕೆಲಸ ಅಲ್ಲಿಗೇ ಮುಗಿಯಿತು. ದಪ್ಪ ಟವೆಲ್ ಹಾಸಿ, ಅದರ ಮೇಲೆ ಲಡಿ ಇಟ್ಟು, ಚಾಪೆ ಸುತ್ತಿದ ಹಾಗೆ ಸುತ್ತಿ, ಅದರ ಮೇಲೆ ಹತ್ತಿ ನಿಂತುಕೊಳ್ಳಿ. ಹೌದು, ನಿಂತುಕೊಳ್ಳಿ. ನನಗೆ ಈಗ ಮಂಡಿ ನೋವು, ಗೋಡೆ ಹಿಡಿದುಕೊಂಡು ನಿಲ್ಲುತ್ತೇನೆ. ಟವೆಲ್ ಎಷ್ಟು ಒದ್ದೆಯಾಗುತ್ತೆ ನೋಡಿ. ಉಣ್ಣೆ ತನ್ನ ತೂಕದ ಶೇಕಡ 30ರಷ್ಟು ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಅದಕ್ಕೇ ಕೈಗೆ ಒಣಗಿದ ಹಾಗಿದ್ದರೂ ನಂಬಬೇಡಿ.

ಇನ್ನು ಎಲ್ಲರೂ ಬಿಟ್ಟುಬಿಡುವ ಕೆಲಸ ಒಂದಿದೆ. ಲಡಿಯೊಳಗೆ ಎರಡೂ ಕೈ ತೂರಿಸಿ, ಮುಷ್ಟಿ ಹಿಡಿದು, ಫಟ್ ಅಂತ ಸದ್ದು ಬರುವ ಹಾಗೆ ಎಳೆದು ಬಿಡಿ. ಸ್ವಲ್ಪ ತಿರುಗಿಸಿ, ಮತ್ತೆ ಫಟ್. ಹೀಗೆ ಲಡಿ ಒಂದು ಸುತ್ತು ಪೂರ್ತಿ ಬರುವವರೆಗೆ ಮಾಡಿ. ಬಿಗಿ ಇದ್ದ ಕಡೆಯ ಹುರಿ ಸಡಿಲ ಇದ್ದ ಕಡೆಗೆ ಸರಿದು ಸಮನಾಗುತ್ತೆ. ಒಂಟಿ ಎಳೆಯ ಮೆತ್ತನೆ ನೂಲಾದರೆ ಜೋರು ಬೇಡ, ಕಿತ್ತುಹೋದೀತು. ಆಮೇಲೆ ನೆರಳಿನಲ್ಲಿ ಒಂದು ಗೂಟಕ್ಕೆ ತೂಗುಹಾಕಿ. ಕೆಳಗೆ ಭಾರ ಕಟ್ಟಬೇಡಿ! ಬೇಗ ನೇರವಾಗಲಿ ಅಂತ ಬಾಟಲಿ ತೂಗಿಸಿದವರನ್ನು ನೋಡಿದ್ದೇನೆ. ಭಾರಕ್ಕೆ ನೂಲು ಹಿಗ್ಗಿ ಒಣಗುತ್ತೆ, ಸ್ವೆಟರ್ ತೊಳೆದ ದಿನ ಮತ್ತೆ ಕುಗ್ಗುತ್ತೆ. ಹಾಗಾದರೆ ಈ ಸ್ನಾನ ಯಾಕೆ ಮಾಡಿಸಿದಿರಿ? ಅರ್ಧ ಒಣಗಿದಾಗ ಒಂದು ಸಲ ಮೇಲು ಕೆಳಗು ಮಾಡಿ, ಎರಡು ದಿನ ಬಿಡಿ.

ಒಣಗಿದ ಲಡಿಯನ್ನು ಒಂದು ಕೈಯಲ್ಲಿ ಇಳಿಬಿಡಿ. ತೆರೆದ ಬಳೆಯ ಹಾಗೆ ಸುಮ್ನೆ ನಿಂತರೆ ಹುರಿ ಸರಿ ಇದೆ. ತಾನಾಗಿ ಒಂದು ಸುತ್ತು ತಿರುಗಿದರೆ ಚಿಂತೆ ಇಲ್ಲ. ನಾಲ್ಕೈದು ಸುತ್ತು ತಿರುಚಿಕೊಂಡರೆ ಹುರಿಯಲ್ಲಿ ಹೆಚ್ಚುಕಮ್ಮಿ ಆಗಿದೆ ಅಂತ ಅರ್ಥ. ಮೊಮ್ಮಗಳದ್ದು ಒಂಟಿ ಎಳೆಯ ನೂಲು, ಹುರಿ ವಿಪರೀತ. ಒಂದು ಸಲ ತೊಳೆದು ತೂಗಿಸಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು, ಮತ್ತೆ ಕದಿರಿಗೆ ಹಾಕಿ ಹಿಂದಕ್ಕೆ ತಿರುಗಿಸಿ ಹುರಿ ಇಳಿಸಬಹುದಿತ್ತು, ಇಲ್ಲ ಎರಡೆಳೆ ಕೂಡಿಸಬಹುದಿತ್ತು. ಈಗ ಇಡೀ ಸ್ವೆಟರ್ ಬಿಚ್ಚಬೇಕು. ಮುಂಬದಿಯಲ್ಲಿ ಬರೀ ನಿಟ್, ಅಂದರೆ ನೇರ ಕುಣಿಕೆ, ಕಾಣುವ ಹೆಣಿಗೆಯಲ್ಲಿ ಈ ಓರೆ ಎದ್ದು ಕಾಣುತ್ತೆ. ಅದೇ ಬದಿಯಲ್ಲಿ ನಿಟ್ ಜೊತೆ ಪರ್ಲ್, ಅಂದರೆ ಉಲ್ಟಾ ಕುಣಿಕೆ, ಬೆರೆಸಿದ ಹೆಣಿಗೆಯಲ್ಲಿ ಅಷ್ಟು ಕಾಣುವುದಿಲ್ಲ.

ಉಂಡೆ ಸುತ್ತುವಾಗ ಮೂರು ಬೆರಳನ್ನು ನೂಲಿನ ಅಡಿ ಇಟ್ಟುಕೊಂಡೇ ಸುತ್ತಿ, ಆಗಾಗ ಬೆರಳು ಎಳೆದು ಜಾಗ ಬದಲಿಸಿ. ಉಂಡೆ ಅದುಮಿದರೆ ಮೆತ್ತಗಿರಬೇಕು. ಕಲ್ಲಿನ ಹಾಗೆ ಸುತ್ತಿದ ಉಂಡೆಯಲ್ಲಿ ನೂಲು ಮತ್ತೆ ಹಿಗ್ಗುತ್ತೆ.

ಇನ್ನು ಮಣಿ, ಒಡವೆಯ ವಿಷಯ. ಮೊಮ್ಮಗಳು ಒಡವೆಯನ್ನೂ ತಾನೇ ಮಾಡುತ್ತಾಳೆ, ಕೈ ಚುರುಕಾಗಿದೆ. ಶಾಲಿನ ಅಂಚಿಗೆ ಮಣಿ ಕೂರಿಸುವ ಆಸೆ ಇದ್ದರೆ ಮೊದಲು ನಾಲ್ಕು ಮಣಿಯನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಸುತ್ತಿ ರಾತ್ರಿ ಇಡಿ. ಬಟ್ಟೆಗೆ ಬಣ್ಣ ಹತ್ತಿದರೆ ಆ ಮಣಿ ಬೇಡವೇ ಬೇಡ. ಕೈನೂಲಿಗೆ ಮಣಿಗಳನ್ನೆಲ್ಲ ಮೊದಲೇ ಪೋಣಿಸಿಕೊಂಡು ಹೆಣೆಯಬೇಡಿ. ಇನ್ನೂರು ಮಣಿ ನೂಲಿನ ಉದ್ದಕ್ಕೂ ಜಾರುತ್ತಾ ಜಾರುತ್ತಾ ಅದನ್ನು ಸವೆಸಿ ಜೂಲು ಎಬ್ಬಿಸುತ್ತವೆ. ತೆಳ್ಳನೆ ಕ್ರೋಶಾ ಕಡ್ಡಿಯಲ್ಲಿ ಒಂದೊಂದೇ ಮಣಿ ಎತ್ತಿ, ಬೇಕಾದ ಕುಣಿಕೆಗೆ ಏರಿಸಿ. ಮಣಿಯ ಅಳತೆಯಲ್ಲಿ ಅಂಕಿ ದೊಡ್ಡದಾದಷ್ಟು ಮಣಿ ಸಣ್ಣದು, 6ನೇ ನಂಬರ್ ಹೆಚ್ಚುಕಮ್ಮಿ 4 ಮಿಲಿಮೀಟರ್, 8ನೇ ನಂಬರ್ 3 ಮಿಲಿಮೀಟರ್. ಕೈನೂಲು ದಪ್ಪ ಇರುವುದರಿಂದ 6 ವಾಸಿ.

ಓಲೆಯ ಕೊಂಡಿಗೆ ಹಾಕುವ ಸಣ್ಣ ಬಳೆಯ ಬಾಯಿ ತೆರೆಯುವಾಗ ಎರಡು ತುದಿಗಳನ್ನೂ ಆಚೀಚೆ ಅಗಲಿಸಬೇಡಿ. ಅದರ ದುಂಡು ಹಾಳಾಗುತ್ತೆ, ಮತ್ತೆ ಮುಚ್ಚಿದರೂ ಸಂದು ಉಳಿದು ನೂಲಿಗೆ ಸಿಕ್ಕಿಕೊಳ್ಳುತ್ತೆ. ಎರಡು ಇಕ್ಕಳ ಹಿಡಿದು ಒಂದು ತುದಿ ನಿಮ್ಮ ಕಡೆ, ಒಂದು ತುದಿ ಆಚೆ ಕಡೆ, ಬಾಗಿಲು ತೆಗೆದ ಹಾಗೆ ತಿರುಗಿಸಿ. ಮುಚ್ಚುವಾಗಲೂ ಅದೇ ದಾರಿ. ಹೆಣೆಯಲು ಕೂರುವ ಮೊದಲು ಕಲ್ಲಿನ ಉಂಗುರ ತೆಗೆದಿಡಿ ಅಂತ ಬೇರೆ ಹೇಳಬೇಕೇ? ಹೇಳಬೇಕು, ಯಾಕಂದರೆ ಯಾರೂ ತೆಗೆಯುವುದಿಲ್ಲ.

ಬೆಳ್ಳಿಯನ್ನು ಮಾತ್ರ ಉಣ್ಣೆಯ ಚೀಲದಲ್ಲಿ ಇಡಬೇಡಿ. ಮೆತ್ತಗಿದೆ, ಚೆಂದ ಇದೆ ಅಂತ ನಾನೇ ಒಂದು ಪುಟ್ಟ ಚೀಲ ಹೆಣೆದು ನಮ್ಮತ್ತೆಯ ಬೆಳ್ಳಿ ಓಲೆ ಹಾಕಿಟ್ಟಿದ್ದೆ. ತೆಗೆದಾಗ ಕಪ್ಪಿಟ್ಟಿತ್ತು. ಉಣ್ಣೆಯಲ್ಲಿ ಗಂಧಕದ ಅಂಶ ಇರುತ್ತೆ, ಅದು ಬೆಳ್ಳಿಯನ್ನು ಕಪ್ಪು ಮಾಡುತ್ತೆ. ರಬ್ಬರ್ ಬ್ಯಾಂಡ್ ಸುತ್ತಿಟ್ಟರೂ ಹಾಗೇ ಆಗುತ್ತೆ. ಬೆಳ್ಳಿಗೆ ಹಳೆಯ ಹತ್ತಿ ಬಟ್ಟೆ ಸಾಕು. ಉಣ್ಣೆ ಚೀಲದಲ್ಲಿ ಗಾಜಿನ ಮಣಿ ಇಡಿ, ಏನೂ ಆಗುವುದಿಲ್ಲ.

ಸ್ವೆಟರ್ ಮುಗಿದ ಮೇಲೆ ಉಳಿದ ನೂಲನ್ನು ಬಿಸಾಡಬೇಡಿ. ಒಂದು ಮೊಳದ ಉದ್ದದ ಏಳೆಂಟು ತುಂಡನ್ನು, 10 ಸೆಂಟಿಮೀಟರಿಗೆ ಎಷ್ಟು ಕುಣಿಕೆ ಅಂತ ಅಳೆಯೋಕೆ ಮೊದಲು ಹೆಣೆದ ಚೌಕದ ತುಂಡಿನ ಮೂಲೆಗೆ ಕಟ್ಟಿ, ಸ್ವೆಟರ್ ತೊಳೆದಾಗಲೆಲ್ಲ ಅದನ್ನೂ ಜೊತೆಗೇ ತೊಳೆಯಿರಿ. ಮೊಣಕೈ ಹರಿದು ತೇಪೆ ಹಾಕುವ ದಿನ ಬಣ್ಣವೂ ಹದವೂ ಸ್ವೆಟರಿನ ಜೊತೆಗೇ ಹಳತಾಗಿ ಸರಿಯಾಗಿ ಹೊಂದುತ್ತೆ. ಮೊಮ್ಮಗಳ ನೂಲು ಬಿಚ್ಚಿ ಲಡಿ ಮಾಡಿದ್ದಾಯಿತು, ನಿನ್ನೆ ಅವಳೇ ನಾಲ್ಕು ಕಡೆ ಕಟ್ಟಿದಳು. ಎರಡು ಗಂಟು ಬಿಗಿಯಾಗಿತ್ತು, ಬಿಚ್ಚಿಸಿ ಮತ್ತೆ ಕಟ್ಟಿಸಿದೆ.