ಅಣಬೆ ಪುಡಿ ಕುಡಿಯುವ ಮುನ್ನ ಎರಡು ಹನಿ ಅಯೋಡಿನ್

ಕೀಲುವಾತಕ್ಕೆ ರೀಷಿ ಅಣಬೆ ಒಳ್ಳೆಯದಂತೆ ಎಂದು ನಮ್ಮ ಹಾಸನದ ಕಡೆ ಪುಡಿ ತರಿಸಿಕೊಳ್ಳುವವರು ಹೆಚ್ಚಾಗಿದ್ದಾರೆ. ಅದನ್ನು ನಂಬಿ ಡಾಕ್ಟರ್ ಬರೆದ ಮಾತ್ರೆ ಬಿಟ್ಟು, ಬೆರಳು ಸೊಟ್ಟಗಾದ ಮೇಲೆ ಮತ್ತೆ ಆಸ್ಪತ್ರೆಗೆ ಓಡಿದವರನ್ನು ಕಂಡಿದ್ದೇನೆ. ಕುಡಿಯಲೇಬೇಕು ಎನ್ನುವವರು ಇಷ್ಟನ್ನಾದರೂ ಮಾಡಿ.

ಮೊದಲು ನೋವು ಯಾವುದೆಂದು ಪರೀಕ್ಷೆ ಮಾಡಿಸಿ. ಮಂಡಿ ಸವೆತ ಬೇರೆ. ಎರಡೂ ಕೈಗಳ ಸಣ್ಣ ಕೀಲುಗಳು ಊದಿಕೊಂಡು, ಬೆಳಿಗ್ಗೆ ಗಂಟೆಗಟ್ಟಲೆ ಬಿಗಿಯುವ ಆಮವಾತ ಬೇರೆ. ಉರಿಯೂತ ಹೆಚ್ಚಿಸುವ ಅಂಶಗಳನ್ನು ರೀಷಿಯಲ್ಲಿರುವ ನಾರಿನಂಥ ಬೀಟಾ ಗ್ಲುಕಾನ್ ಮತ್ತು ಕಹಿ ಕೊಡುವ ಟ್ರೈಟರ್ಪೀನ್‌ಗಳು ತಗ್ಗಿಸುವುದು ಪ್ರಯೋಗಾಲಯದಲ್ಲಿ ಕಂಡಿದೆ. ಆದರೆ ಹಾಂಗ್‌ಕಾಂಗ್‌ನಲ್ಲಿ 65 ಆಮವಾತ ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ 24 ವಾರ ರೀಷಿಯನ್ನು ಇನ್ನೊಂದು ಚೀನೀ ಗಿಡಮೂಲಿಕೆ ಔಷಧದ ಜೊತೆ, ಉಳಿದವರಿಗೆ ಹುಸಿ ಔಷಧ ಕೊಟ್ಟು ನೋಡಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಕುಡಿದವರಿಗೆ ನೋವು ಸ್ವಲ್ಪ ತಗ್ಗಿತ್ತು. ಒಟ್ಟು ರೋಗದ ಲೆಕ್ಕದಲ್ಲಿ ಹುಸಿ ಔಷಧ ಪಡೆದವರಿಗಿಂತ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ.

ಅರಸೀಕೆರೆಯ ತೆಂಗಿಗೆ, ಕೊಪ್ಪ–ಶೃಂಗೇರಿಯ ಅಡಿಕೆಗೆ ಅಣಬೆ ರೋಗ ತರುವುದೂ ರೀಷಿ ಸೇರಿದ ಗ್ಯಾನೋಡರ್ಮ ಎಂಬ ಶಿಲೀಂಧ್ರ ಕುಲವೇ. ಹಾಗೆಂದು ಬುಡದಲ್ಲಿ ಎದ್ದ ಅಣಬೆಯನ್ನು ಕಿತ್ತು ಕುದಿಸಬೇಡಿ. ಅದು ಅದೇ ಜಾತಿ ಎಂದು ಕಣ್ಣಂದಾಜಿನಲ್ಲಿ ಹೇಳಲಾಗದು. ಮರಕ್ಕೆ ಶಿಲೀಂಧ್ರನಾಶಕ ಕೊಟ್ಟಿರುತ್ತಾರೆ, ತೋಟಕ್ಕೆ ಬೋರ್ಡೋ ದ್ರಾವಣ ಹೊಡೆದಿರುತ್ತಾರೆ.

ಇನ್ನು ಪೊಟ್ಟಣದ ಪರೀಕ್ಷೆ. ಜನ ಎಡವುವುದು ಇಲ್ಲೇ. ಜೋಳ, ಅಕ್ಕಿಯ ಮೇಲೆ ಶಿಲೀಂಧ್ರದ ಎಳೆ ಬೆಳೆಸಿ, ಕಾಳಿನ ಸಮೇತ ಬೀಸಿ ಮಾರುವವರಿದ್ದಾರೆ. ಲೇಬಲ್ಲಿನಲ್ಲಿ ‘ಪಾಲಿಸ್ಯಾಕರೈಡ್’ (ಸಕ್ಕರೆ ಕಣಗಳ ಉದ್ದ ಸರಪಳಿ) ಇಷ್ಟು ಶೇಕಡಾ ಎಂದಿದ್ದರೆ ಕಾಳಿನ ಪಿಷ್ಟವೂ ಅದರಲ್ಲಿ ಸೇರಿರುತ್ತದೆ. ಬೀಟಾ ಗ್ಲುಕಾನ್ ಎಷ್ಟೆಂದು ಪ್ರತ್ಯೇಕವಾಗಿ ಬರೆಯದ ಪುಡಿಯನ್ನು ನಾನಂತೂ ಕೊಳ್ಳುವುದಿಲ್ಲ.

ಅರ್ಧ ಚಮಚ ಪುಡಿಯನ್ನು ಒಂದು ಲೋಟ ನೀರಿನಲ್ಲಿ ಐದು ನಿಮಿಷ ಕುದಿಸಿ. ಪೂರ್ತಿ ಆರಲು ಬಿಡಿ, ಬಿಸಿ ಇದ್ದರೆ ಬಣ್ಣ ಮೂಡುವುದಿಲ್ಲ. ತಿಳಿಯನ್ನು ಬಸಿದು, ತೆಳು ಚಹಾದ ಬಣ್ಣ ಬರುವವರೆಗೆ ನೀರು ಬೆರೆಸಿ. ಕಡುಕಂದು ರಸದಲ್ಲಿ ನೀಲಿ ಕಾಣುವುದೇ ಇಲ್ಲ. ಬಿಳಿ ಪಿಂಗಾಣಿ ತಟ್ಟೆಯ ಒಂದು ಕಡೆ ಇದನ್ನು, ಇನ್ನೊಂದು ಕಡೆ ಆರಿದ ಅನ್ನದ ಗಂಜಿಯನ್ನು ಹಾಕಿ. ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ಎರಡೆರಡು ಹನಿ ಬಿಡಿ. ಗಂಜಿ ನೀಲಿ-ಕಪ್ಪಾಗುತ್ತದೆ. ಪುಡಿಯ ರಸವೂ ಹಾಗೇ ಆದರೆ ನೀವು ದುಡ್ಡು ಕೊಟ್ಟದ್ದು ಹಿಟ್ಟಿಗೆ. ಬಣ್ಣ ಬರದಿದ್ದರೆ ಪಿಷ್ಟವಿಲ್ಲ ಎಂದಷ್ಟೇ ಅರ್ಥ. ಪಿಷ್ಟವನ್ನು ಒಡೆದು ಮಾಡುವ ಮಾಲ್ಟೋಡೆಕ್ಸ್ಟ್ರಿನ್ ಪುಡಿ ಬೆರೆಸಿದ್ದರೆ ಈ ಪರೀಕ್ಷೆ ಹಿಡಿಯದೇ ಹೋಗಬಹುದು. ನಾಲಿಗೆಗೂ ಕೇಳಿ, ಆದರೆ ಅಯೋಡಿನ್ ಸೋಕದ ರಸವನ್ನು: ಟ್ರೈಟರ್ಪೀನ್ ಇರುವ ರೀಷಿ ಕಹಿ ಇರಲೇಬೇಕು. ಪರೀಕ್ಷೆಯ ತಟ್ಟೆಯಲ್ಲಿದ್ದದ್ದನ್ನು ಚೆಲ್ಲಿಬಿಡಿ.

ಕಷಾಯ ಸುಲಭ: ಒಣ ಹೋಳುಗಳನ್ನು ಸಣ್ಣ ಉರಿಯಲ್ಲಿ ಎರಡು ಗಂಟೆ ಕುದಿಸಿ ಸೋಸುವುದು. ಪುಡಿಯನ್ನು ಹಾಲಿಗೆ ಕದಡಿ ಕುಡಿಯುವ ಅಡ್ಡದಾರಿ ಬೇಡ, ಅಣಬೆಯ ಗಟ್ಟಿ ಕೋಶಭಿತ್ತಿ ಒಳಗಿನ ಅಂಶಗಳನ್ನು ಹಾಗೆಲ್ಲ ಬಿಡುವುದಿಲ್ಲ.

ಆಮವಾತಕ್ಕೆ ಡಾಕ್ಟರ್ ಬರೆಯುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆಯ ಮಾತ್ರೆ, ಯಕೃತ್ತಿನ ಮೇಲೆ ಕಣ್ಣಿಡಬೇಕಾದದ್ದು. ರೀಷಿ ಪುಡಿಯಿಂದಲೂ ಯಕೃತ್ತಿಗೆ ಹಾನಿಯಾದ ಅಪರೂಪದ ಪ್ರಕರಣಗಳಿವೆ. ಆದ್ದರಿಂದ ಕಷಾಯ ಶುರುಮಾಡುವ ಮೊದಲೇ ಡಾಕ್ಟರಿಗೆ ಪೊಟ್ಟಣ ತೋರಿಸಿ, ರಕ್ತಪರೀಕ್ಷೆ ಮಾಡಿಸಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಶಸ್ತ್ರಚಿಕಿತ್ಸೆ ಗೊತ್ತಾದವರು ಕುಡಿಯಲೇಬೇಡಿ. ಕಣ್ಣು ಹಳದಿಯಾದರೆ, ಮೂತ್ರದ ಬಣ್ಣ ಕಡುವಾದರೆ ಕಷಾಯವನ್ನು ಅವತ್ತೇ ನಿಲ್ಲಿಸಿ, ಪೊಟ್ಟಣ ಕೈಯಲ್ಲಿ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ.