ಘಟ್ಟದ ಮ್ಯಾರಥಾನ್: ಏರಿಗಿಂತ ಇಳುಕಲಿಗೆ ತಯಾರಾಗಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ನೂರಿನ್ನೂರು ಜನ ಓಡುವ ಸಣ್ಣ ಮ್ಯಾರಥಾನ್‌ಗೆ ಹೆಸರು ಕೊಟ್ಟವರು ಮೊದಲು ಕೇಳುವ ಪ್ರಶ್ನೆ, ಏರು ಎಷ್ಟಿದೆ ಎಂದು. ಇಳುಕಲು ಎಷ್ಟನೇ ಕಿ.ಮೀ.ಗೆ ಶುರುವಾಗುತ್ತದೆ, ಎಷ್ಟು ಉದ್ದ ಎಂದು ಕೇಳುವವರು ಕಡಿಮೆ. ಏರಿನಲ್ಲಿ ಉಸಿರು ಸೋತರೆ ಎರಡು ನಿಮಿಷ ನಡೆದರೆ ವಾಪಸ್ ಬರುತ್ತದೆ. ಇಳುಕಲಿನಲ್ಲಿ ತೊಡೆ ಸೋತರೆ ಆ ದಿನದ ಮಟ್ಟಿಗೆ ಮುಗಿಯಿತು. 30 ಕಿ.ಮೀ. ದಾಟಿದ ಮೇಲೆ ಸಪಾಟು ರಸ್ತೆಯಲ್ಲೂ ಕಾಲೆಳೆದು ನಡೆಯುವವರನ್ನು ನೋಡಿ. ಬಹುಪಾಲು ಜನ ಹಿಂದಿನ ಇಳುಕಲನ್ನು ಖುಷಿಯಲ್ಲಿ ಹಾರಿಕೊಂಡು ಬಂದವರೇ ಆಗಿರುತ್ತಾರೆ.

ಹೆಸರು ಕೊಡುವ ಮೊದಲು

ನಮ್ಮ ಕಡೆ 5 ಕಿ.ಮೀ. ಓಟಕ್ಕೂ ಮ್ಯಾರಥಾನ್ ಎನ್ನುವ ರೂಢಿ ಇದೆ. ಪೂರ್ತಿ ಮ್ಯಾರಥಾನ್ ಎಂದರೆ 42.195 ಕಿ.ಮೀ., ಅರ್ಧ ಎಂದರೆ 21.1. ಫಾರ್ಮ್‌ನಲ್ಲಿ ದೂರ ನೋಡಿ, ಜೊತೆಗೆ ಒಟ್ಟು ಏರಿಕೆ ಎಷ್ಟು ಮೀಟರ್ ಎಂದು ಸಂಘಟಕರನ್ನು ಕೇಳಿ. ಉತ್ತರ ಸಿಗದಿದ್ದರೆ ದಾರಿಯ ಜಿಪಿಎಕ್ಸ್ ಫೈಲ್ ತರಿಸಿಕೊಂಡು ಮೊಬೈಲ್‌ನ ಯಾವುದಾದರೂ ನಕ್ಷೆ ಆ್ಯಪ್‌ಗೆ ಹಾಕಿದರೆ ಏರು-ತಗ್ಗಿನ ಗೆರೆ ಕಾಣುತ್ತದೆ.

ಶಿರಸಿ ಇರುವುದು ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿ. ಇಷ್ಟು ಎತ್ತರದಲ್ಲಿ ಗಾಳಿ ತೆಳುವಾಗಿ ಉಸಿರು ಸಾಲದು ಎಂಬ ಭಯ ಬೇಡ. ಇಲ್ಲಿ ದಣಿಸುವುದು ನೆಲದ ಗುಣ. ಮನೆ, ತೋಟ, ಹಳ್ಳ ತಗ್ಗಿನಲ್ಲಿ. ರಸ್ತೆ, ಬೆಟ್ಟ ಮೇಲೆ. ಹಾಗಾಗಿ ಒಂದೇ ದೊಡ್ಡ ಏರಿನ ಬದಲು 30-40 ಮೀಟರಿನ ಮರಿ ಏರುಗಳು ದಾರಿಯುದ್ದಕ್ಕೂ ಬರುತ್ತವೆ. ಒಂದೊಂದೂ ಲೆಕ್ಕಕ್ಕಿಲ್ಲದಷ್ಟು ಚಿಕ್ಕದು, ಕೂಡಿಸಿದರೆ ಸಾವಿರ ಮೀಟರ್.

ಸಮಯ ಅಂದಾಜಿಸಲು ಟ್ರೇಲ್ ಓಟದ (ಕಾಡು-ಬೆಟ್ಟದ ಕಾಲುದಾರಿಯ ಓಟ) ಅಂತಾರಾಷ್ಟ್ರೀಯ ಸಂಘಟನೆ ಐಟಿಆರ್‌ಎ ಬಳಸುವ ಲೆಕ್ಕ ಸುಲಭ: ಪ್ರತಿ 100 ಮೀಟರ್ ಏರಿಕೆಗೆ ಒಂದು ಕಿ.ಮೀ. ಸೇರಿಸಿ. 42.2 ಕಿ.ಮೀ. ದಾರಿಯಲ್ಲಿ 1,000 ಮೀಟರ್ ಏರಿಕೆ ಇದ್ದರೆ ಅದು 52.2 ಕಿ.ಮೀ.ಯ ಶ್ರಮ. ಸಪಾಟಿನಲ್ಲಿ ಕಿ.ಮೀ.ಗೆ ಆರೂವರೆ ನಿಮಿಷದಂತೆ ಓಡುವವರು ಮ್ಯಾರಥಾನ್ ಮುಗಿಸುವುದು 4 ಗಂಟೆ 34 ನಿಮಿಷಕ್ಕೆ. ಇಲ್ಲಿ ಅವರಿಗೆ 5 ಗಂಟೆ 39 ನಿಮಿಷ ಬೇಕು. ಮಣ್ಣುದಾರಿ, ಸಂಕ (ಹಳ್ಳ ದಾಟುವ ಕಾಲುಸೇತುವೆ), ಹಳ್ಳ ಇದ್ದರೆ ಇನ್ನೂ ಅರ್ಧ ಗಂಟೆ ಹಿಡಿಯಿರಿ. ಈ ಮೊತ್ತ ಕಟ್-ಆಫ್ ಸಮಯಕ್ಕೆ (ಓಟ ಮುಗಿಸಲು ಸಂಘಟಕರು ಇಟ್ಟ ಗಡುವು) ಒಂದು ಗಂಟೆಗಿಂತ ಹತ್ತಿರ ಬಂದರೆ ಈ ವರ್ಷ ಅರ್ಧ ಮ್ಯಾರಥಾನ್ ಓಡುವುದೇ ಜಾಣತನ.

ಇಳಿಯುವ ಅಭ್ಯಾಸ

ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು. ಅಭ್ಯಾಸವಿಲ್ಲದ ಸ್ನಾಯುವಿನಲ್ಲಿ ಆಗ ಸಣ್ಣ ಸಣ್ಣ ಹರಕುಗಳಾಗುತ್ತವೆ. ನೋವು ಆ ಕ್ಷಣಕ್ಕೆ ತಿಳಿಯದೆ ಮರುದಿನ, ಅದರ ಮರುದಿನ ಏರುತ್ತದೆ. ಆದರೆ ಶಕ್ತಿ ಮಾತ್ರ ಓಟದ ನಡುವೆಯೇ ಇಳಿದುಹೋಗುತ್ತದೆ. ಒಳ್ಳೆಯ ಸುದ್ದಿಯೂ ಇದೆ. ಒಮ್ಮೆ ಚೆನ್ನಾಗಿ ನೋವು ತಿಂದ ಸ್ನಾಯು ಕೆಲವು ವಾರ ಆ ಪಾಠ ನೆನಪಿಟ್ಟುಕೊಳ್ಳುತ್ತದೆ, ಎರಡನೇ ಸಲ ಅರ್ಧದಷ್ಟೂ ನೋಯುವುದಿಲ್ಲ. ತಯಾರಿಯ ಗುಟ್ಟೆಲ್ಲ ಇದರಲ್ಲೇ ಇದೆ.

ಅರ್ಧ ಮ್ಯಾರಥಾನ್ ಓಡಿ ಅಭ್ಯಾಸವಿದ್ದವರಿಗೆ 12 ವಾರ ಸಾಕು. ವಾರದ ಉಳಿದ ಓಟ ಎಂದಿನಂತೆ ಇರಲಿ. ಹತ್ತು ದಿನಕ್ಕೊಮ್ಮೆ ಮಾತ್ರ ಇಳುಕಲಿನ ಓಟ ಹಾಕಿಕೊಳ್ಳಿ. ಮೊದಲ ಸಲ ಒಟ್ಟು 2 ಕಿ.ಮೀ. ಇಳಿಯುವುದು, ಆಮೇಲೆ ಪ್ರತಿ ಸಲ ಒಂದು ಕಿ.ಮೀ. ಹೆಚ್ಚಿಸುತ್ತ 6-7ರವರೆಗೆ. ಏರುವಾಗ ನಡೆಯಿರಿ, ಇಳಿಯುವಾಗ ಓಡಿ. ಕೊನೆಯ ದೊಡ್ಡ ಇಳುಕಲು ಓಟದ ದಿನಕ್ಕೆ ಎರಡರಿಂದ ಮೂರು ವಾರ ಮೊದಲೇ ಮುಗಿದಿರಬೇಕು. ಕೊನೆಯ ಹತ್ತು ದಿನದಲ್ಲಿ ಘಟ್ಟ ಇಳಿದರೆ ನೋವನ್ನು ಹೊತ್ತುಕೊಂಡೇ ಗೆರೆಯ ಮೇಲೆ ನಿಲ್ಲಬೇಕಾಗುತ್ತದೆ.

ಘಟ್ಟದ ಮೇಲಿನವರಿಗೆ ಮನೆಯಿಂದ ಹೊರಬಿದ್ದರೆ ಇಳುಕಲು. ಕರಾವಳಿಯವರು ಹುಡುಕಿಕೊಂಡು ಹೋಗಬೇಕು. ಕಾರವಾರದ ಕಡಲತೀರದ ಮರಳಿನಲ್ಲಿ ಓಡಿದರೆ ಮೀನಖಂಡ ಗಟ್ಟಿಯಾಗುತ್ತದೆ, ತೊಡೆಗೆ ಇಳಿಯುವ ಪಾಠ ಆಗುವುದಿಲ್ಲ. ಕುಮಟಾದವರಿಗೆ ದೇವಿಮನೆ ಘಟ್ಟ, ಹೊನ್ನಾವರದವರಿಗೆ ಗೇರುಸೊಪ್ಪೆಯ ಮೇಲಿನ ಮಾಲೆಮನೆ ಘಟ್ಟ, ಕಾರವಾರದವರಿಗೆ ಅಣಶಿಯ ಕಡೆಯ ರಸ್ತೆ. ಅಂಕೋಲಾದವರು ಅರಬೈಲ್ ಘಟ್ಟಕ್ಕೆ ಆಸೆ ಪಡಬೇಡಿ. ಅದು ಹುಬ್ಬಳ್ಳಿ-ಅಂಕೋಲಾ ಲಾರಿಗಳ ದಾರಿ. ಎಲ್ಲಿ ಓಡಿದರೂ ಬೆಳಕಾದ ಮೇಲೆ, ಬಲಬದಿಯಲ್ಲಿ, ಎದುರಿನ ವಾಹನ ಕಾಣುವಂತೆ. ಕಣ್ಣಿಗೆ ಮರೆಯಾದ ತಿರುವಿನ ಒಳಮೂಲೆಗೆ ಮಾತ್ರ ಹೋಗಬೇಡಿ. ವಾಹನಗಳು ಆ ಮೂಲೆಯನ್ನು ಒರೆಸಿಕೊಂಡೇ ತಿರುಗುತ್ತವೆ. ತಿರುವಿಗೆ ಮೊದಲೇ, ಎರಡೂ ಕಡೆ ಕಾಣುವಲ್ಲಿ, ಹೊರಬದಿಗೆ ದಾಟಿ.

ಘಟ್ಟವೇ ಇಲ್ಲದ ವಾರ ಮನೆಯ ಮೆಟ್ಟಿಲು ಸಾಕು. ಒಂದು ಮೆಟ್ಟಿಲ ಮೇಲೆ ಒಂಟಿಕಾಲಿನಲ್ಲಿ ನಿಂತು, ಮೂರು ಎಣಿಸುವಷ್ಟು ನಿಧಾನಕ್ಕೆ ಮಂಡಿ ಮಡಚಿ ಇನ್ನೊಂದು ಕಾಲಿನ ಹಿಮ್ಮಡಿ ನೆಲಕ್ಕೆ ತಾಗಿಸುವುದು. ಒಂದೊಂದು ಕಾಲಿಗೆ 12, ಹಾಗೆ ಮೂರು ಸುತ್ತು. ಮಂಡಿ ಒಳಗೆ ವಾಲುತ್ತಿದ್ದರೆ ಕನ್ನಡಿ ಮುಂದೆ ಮಾಡಿ.

ಓಡಿ ಇಳಿಯುವ ಕ್ರಮ ಹೇಳಲು ಸುಲಭ, ಸುಸ್ತಾದಾಗ ನೆನಪಿಟ್ಟುಕೊಳ್ಳುವುದು ಕಷ್ಟ. ಹೆಜ್ಜೆ ಗಿಡ್ಡ, ಬೇಗ ಬೇಗ. ಮಂಡಿ ಸ್ವಲ್ಪ ಮಡಚಿಯೇ ಇರಲಿ. ಮೈ ಹಿಂದಕ್ಕೆ ವಾಲಿಸಿ ಹಿಮ್ಮಡಿಯಲ್ಲಿ ಬ್ರೇಕ್ ಹಾಕುವುದೇ ಎಲ್ಲರ ತಪ್ಪು. ಆಗ ಪ್ರತಿ ಹೆಜ್ಜೆಯ ಪೆಟ್ಟೂ ನೇರ ಮಂಡಿ, ತೊಡೆಗೆ ಬೀಳುತ್ತದೆ, ಜಲ್ಲಿ ಸಿಕ್ಕಿದರೆ ಜಾರುವುದೂ ಹಾಗೆಯೇ. ಕಣ್ಣು ಮೂರು-ನಾಲ್ಕು ಮೀಟರ್ ಮುಂದೆ, ಕೈ ಅಗಲಕ್ಕೆ. ಕಾಲಿನ ಸಪ್ಪಳ ಕೇಳಿಸಿಕೊಳ್ಳಿ: ಪಟಪಟ ಎಂದರೆ ಸರಿ, ದಬ್ ದಬ್ ಎಂದರೆ ಹೆಜ್ಜೆ ಉದ್ದವಾಗಿದೆ.

ಏರಿನ ವಿಷಯ ಎರಡೇ ಮಾತು. ಪಕ್ಕದವರ ಜೊತೆ ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದರೆ ನಡೆಯಿರಿ. ಕಡಿದಾದಲ್ಲಿ ಕೈಯನ್ನು ತೊಡೆಯ ಮೇಲೆ ಒತ್ತಿ ನಡೆಯುವವರು ಓಡುವವರಿಗಿಂತ ಹೆಚ್ಚು ಹಿಂದೆ ಬೀಳುವುದಿಲ್ಲ.

ಶೂ ಮತ್ತು ಲೇಸ್

ಇಳುಕಲಿನಲ್ಲಿ ಪಾದ ಮುಂದಕ್ಕೆ ಜಾರಿ ಬೆರಳು ಶೂ ತುದಿಗೆ ಗುದ್ದುತ್ತದೆ. ಉಗುರು ಕಪ್ಪಾಗುವುದು ಇದರಿಂದ. ಬೆರಳಿನ ಮುಂದೆ ಹೆಬ್ಬೆರಳಿನ ಅಗಲ ಜಾಗ ಇರುವ ಶೂ ಬೇಕು. ಸಂಜೆ, ಕಾಲು ಸ್ವಲ್ಪ ಊದಿರುವಾಗ ಹಾಕಿ ನೋಡಿ ಕೊಳ್ಳಿ. ಉಗುರನ್ನು ಎರಡು-ಮೂರು ದಿನ ಮೊದಲೇ ಕತ್ತರಿಸಿ. ಹಿಂದಿನ ರಾತ್ರಿ ಕತ್ತರಿಸಿದರೆ ಅಂಚು ಚೂಪಾಗಿಯೇ ಉಳಿದು ಪಕ್ಕದ ಬೆರಳನ್ನು ಕೊಯ್ಯುತ್ತದೆ. ದಾರಿ ಮುಕ್ಕಾಲು ಡಾಂಬರಾದರೆ ರಸ್ತೆಯ ಶೂ ಸಾಕು. ಅರ್ಧಕ್ಕಿಂತ ಹೆಚ್ಚು ಮಣ್ಣಾದರೆ ತಳದಲ್ಲಿ 4-5 ಮಿ.ಮೀ. ಹಲ್ಲಿರುವ ಟ್ರೇಲ್ ಶೂ. ಯಾವುದಾದರೂ ಸರಿ, ಕನಿಷ್ಠ 50 ಕಿ.ಮೀ. ಓಡಿ ಪಳಗಿದ್ದಿರಬೇಕು.

ಶೂಗಳಲ್ಲಿ ಕಣಕಾಲಿನ ಹತ್ತಿರ ಮೇಲ್ತುದಿಯಲ್ಲಿ ಒಂದು ಹೆಚ್ಚಿನ ತೂತು ಇರುತ್ತದೆ, ಯಾರೂ ಬಳಸುವುದಿಲ್ಲ. ಇಳುಕಲಿನಲ್ಲಿ ಅದು ಉಪಯೋಗಕ್ಕೆ ಬರುತ್ತದೆ. ಎಂದಿನಂತೆ ಲೇಸ್ ಏರಿಸಿಕೊಂಡು ಬಂದು, ಕೊನೆಗೆ ಎದುರಿಗೆ ದಾಟಿಸದೆ ಅದೇ ಬದಿಯ ಮೇಲಿನ ತೂತಿಗೆ ಹೊರಗಿನಿಂದ ಒಳಕ್ಕೆ ತೂರಿಸಿ. ಎರಡು ತೂತುಗಳ ನಡುವೆ ಚಿಕ್ಕ ಕುಣಿಕೆ ಉಳಿಯುತ್ತದೆ. ಇನ್ನೊಂದು ಬದಿಗೂ ಹಾಗೆಯೇ. ಈಗ ಎಡ ತುದಿಯನ್ನು ಬಲ ಕುಣಿಕೆಯೊಳಗೆ, ಬಲ ತುದಿಯನ್ನು ಎಡ ಕುಣಿಕೆಯೊಳಗೆ ಹಾಯಿಸಿ, ಹಿಮ್ಮಡಿಯನ್ನು ಶೂ ಹಿಂಬದಿಗೆ ಒತ್ತಿ ಹಿಡಿದು, ತುದಿಗಳನ್ನು ಹಿಂದಕ್ಕೂ ಕೆಳಕ್ಕೂ ಎಳೆದು ಗಂಟು ಹಾಕಿ. ಹಿಮ್ಮಡಿ ಅಲ್ಲಾಡಬಾರದು, ಬೆರಳು ಅಲ್ಲಾಡಬೇಕು. ಪಾದದ ಮೇಲ್ಭಾಗ ಜೋಮು ಹಿಡಿದರೆ ಬಿಗಿ ಹೆಚ್ಚಾಯಿತು. ಮೇಲಿನದು ಹಾಗೆಯೇ ಇರಲಿ, ನಡುವಿನ ಸಾಲುಗಳನ್ನು ಸಡಿಲಿಸಿ.

ಹತ್ತಿಯ ಸಾಕ್ಸ್ ಬೇಡ; ಬೆವರು, ಇಬ್ಬನಿ ಹೀರಿ ನೀರ್ಗುಳ್ಳೆ ತರುತ್ತದೆ. ತೊಡೆಸಂದು, ಕಂಕುಳು, ಗಂಡಸರಾದರೆ ಮೊಲೆತೊಟ್ಟಿಗೂ ವ್ಯಾಸಲೀನ್ ಹಚ್ಚಿಕೊಳ್ಳಿ.

ಬಾಟಲಿಯಲ್ಲಿ ಏನು

ಸಣ್ಣ ಓಟದಲ್ಲಿ ನೀರಿನ ಜಾಗಗಳು ಐದಾರು ಕಿ.ಮೀ.ಗೊಂದು ಇದ್ದರೆ ಪುಣ್ಯ. ಅಲ್ಲಿ 20 ಲೀಟರ್ ಕ್ಯಾನ್, ಬಾಳೆಹಣ್ಣು ಸಿಗಬಹುದು. ಮುಂದೆ ಹೋದವರು ಖಾಲಿ ಮಾಡಿದ ಕ್ಯಾನೂ ಸಿಗಬಹುದು. ಅರ್ಧ ಲೀಟರಿನ ಎರಡು ಬಾಟಲಿ ನಿಮ್ಮ ಮೈಮೇಲೇ ಇರಲಿ. ಚಳಿಗಾಲದ ಬೆಳಿಗ್ಗೆ ಗಂಟೆಗೆ 400ರಿಂದ 600 ಮಿ.ಲೀ. ಸಾಕಾಗುತ್ತದೆ, ದಾರಿ ಕರಾವಳಿಗೆ ಇಳಿಯುವುದಾದರೆ ಸೆಕೆಗೆ ಇನ್ನಷ್ಟು ಬೇಕು. ನಿಮ್ಮ ಲೆಕ್ಕ ನಿಮಗೆ ತಿಳಿಯಬೇಕಾದರೆ ಅಭ್ಯಾಸದ ದಿನ ಏನೂ ಕುಡಿಯದೆ ಒಂದು ಗಂಟೆ ಓಡಿ, ಮೊದಲೂ ಆಮೇಲೂ ತೂಗಿ ನೋಡಿ. ಇಳಿದ ಒಂದು ಕಿಲೋ ಎಂದರೆ ಸುಮಾರು ಒಂದು ಲೀಟರ್ ಬೆವರು. ಅಷ್ಟನ್ನೂ ಕುಡಿದು ತುಂಬಿಸಬೇಕಾಗಿಲ್ಲ. ಬಾಯಾರಿಕೆ ಮೀರಿ ಬರೀ ನೀರು ಕುಡಿಯುತ್ತಲೇ ಹೋದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಶುರುವಾಗುತ್ತದೆ. ಅದು ಜೀವಕ್ಕೇ ಅಪಾಯ.

ಅಂಗಡಿಯ ಪುಡಿ ಬೇಡದವರಿಗೆ: ಒಂದು ಲೀಟರ್ ನೀರು, ಅರ್ಧ ಚಮಚ ಉಪ್ಪು (ಸುಮಾರು 3 ಗ್ರಾಂ), 80 ಗ್ರಾಂ ಜೋನಿ ಬೆಲ್ಲ (ಪಾಕದಂಥ ನೀರು ಬೆಲ್ಲ), ಒಂದು ಲಿಂಬೆಹಣ್ಣು. ಎರಡು ಗಂಟೆಗೆ ಹಂಚಿ ಕುಡಿದರೆ ಗಂಟೆಗೆ ಐನೂರು-ಆರುನೂರು ಮಿಲಿಗ್ರಾಂ ಸೋಡಿಯಂ, 30 ಗ್ರಾಂ ಹತ್ತಿರ ಸಕ್ಕರೆ ಅಂಶ ಸಿಗುತ್ತದೆ. ಗಂಟೆಗೊಂದು ಮಿಟ್ಲಿ ಬಾಳೆಹಣ್ಣು ಸೇರಿಸಿದರೆ ಹೊಟ್ಟೆಯ ಲೆಕ್ಕ ಸರಿ. ಬೆಲ್ಲದ ನೀರನ್ನು ತೆಳುಬಟ್ಟೆಯಲ್ಲಿ ಸೋಸಲು ಮರೆಯಬೇಡಿ. ಗಸಿ ಬಾಟಲಿಯ ಮೂತಿಗೆ ಕಟ್ಟಿಕೊಂಡು 15ನೇ ಕಿ.ಮೀ.ಯಲ್ಲಿ ಹೀರಿದರೂ ಬಾರದಂತಾಗುತ್ತದೆ. ಹಿಂದಿನ ರಾತ್ರಿಯೇ ಕಲಸಿ ಹೊರಗಿಟ್ಟರೆ ಹುಳಿಯುತ್ತದೆ, ಬೆಳಿಗ್ಗೆಯೇ ಕಲಸಿ. ಮಾವಿನಕಾಯಿಯ ತಿಳಿಸಾರಾದ ಅಪ್ಪೆಹುಳಿಯಲ್ಲೂ ಉಪ್ಪು, ಹುಳಿ ಚೆನ್ನಾಗಿಯೇ ಇದೆ, ಆದರೆ ಮೆಣಸಿನ ಒಗ್ಗರಣೆ ಓಡುವ ಹೊಟ್ಟೆಗೆ ಆಗದು. ಕುಡಿದರೆ ನಿದ್ದೆ ಬರುತ್ತದೆ ಎನ್ನುವ ಪದಾರ್ಥ ಅದು. ಓಟ ಮುಗಿದ ಮೇಲೆ ಎಷ್ಟು ಲೋಟ ಬೇಕಾದರೂ ಆಗಬಹುದು.

ಹಿಂದಿನ ರಾತ್ರಿ ಅನ್ನ-ಸಾರು, ಬೇಗ. ಬೆಳಿಗ್ಗೆ ಓಟಕ್ಕೆ ಎರಡೂವರೆ ಗಂಟೆ ಮೊದಲು ಮೂರ್ನಾಲ್ಕು ತೆಳ್ಳೇವು (ತೆಳುದೋಸೆ), ಜೋನಿ ಬೆಲ್ಲ. ತುಪ್ಪ, ಮೊಸರು ಬೇಡ. ನಸುಕಿನ ಮೂರು ಗಂಟೆಗೆ ಎದ್ದು ತೆಳ್ಳೇವು ಎರೆದುಕೊಡುವವರು ಮನೆಯಲ್ಲಿಲ್ಲದಿದ್ದರೆ ಬಾಳೆಹಣ್ಣು, ಬ್ರೆಡ್ಡು. ಓಟದ ಮೊದಲು ನೋವಿನ ಮಾತ್ರೆ ನುಂಗುವ ಚಾಳಿ ಕೆಲವರಿಗಿದೆ. ಐಬುಪ್ರೊಫೆನ್‌ನಂಥವು ನೀರು ಕಡಿಮೆಯಾದ ಮೈಯಲ್ಲಿ ಮೂತ್ರಪಿಂಡಕ್ಕೆ ಹೊರೆ, ಬಿಡಿ.

ದಾರಿಯಲ್ಲಿ

ಜನವರಿಯಲ್ಲಿ ಬೆಳಕು ಹರಿಯುವಾಗ ಆರೂವರೆ. ಐದೂವರೆಗೆ ಹೊರಟರೆ ಒಂದು ಗಂಟೆ ಟಾರ್ಚ್ ಬೇಕು. ಮಂಜು ದಟ್ಟವಾಗಿದ್ದರೆ ಹಣೆಗೆ ಕಟ್ಟಿದ ಟಾರ್ಚ್ ಬೆಳಕು ಮಂಜಿಗೆ ಬಡಿದು ಕಣ್ಣಿಗೇ ತಿರುಗಿ ಬರುತ್ತದೆ, ಎದುರಿಗೆ ಬಿಳಿ ಗೋಡೆ. ಬಿಚ್ಚಿ ಸೊಂಟದ ಮಟ್ಟದಲ್ಲಿ ಕೈಯಲ್ಲಿ ಹಿಡಿಯಿರಿ. ಕಲ್ಲುಗಳ ನೆರಳು ಬಿದ್ದು ನೆಲ ಸ್ಪಷ್ಟವಾಗುತ್ತದೆ.

ಬೆಟ್ಟದ ದಾರಿಯಲ್ಲಿ ದರಕು (ಉದುರಿದ ಒಣ ಎಲೆ) ಹಾಸಿರುತ್ತದೆ. ಅದರಡಿ ಚಿರೆಕಲ್ಲಿನ ಉರುಟು ಜಲ್ಲಿ, ಕಾಲಿಟ್ಟರೆ ಗೋಲಿಯಂತೆ ಉರುಳುತ್ತದೆ. ಕಾಲು ಉಳುಕುವುದು ಹೆಚ್ಚಾಗಿ ಇಲ್ಲೇ. ದರಕಿನ ನಡುವೆ ಜನ ನಡೆದು ಸವೆದ ಗೆರೆ ಕಂಡರೆ ಅದನ್ನೇ ಹಿಡಿಯಿರಿ. ತಗ್ಗಿನಲ್ಲಿ ಹಳ್ಳ ಬಂದರೆ ಸಂಕ ಇರುತ್ತದೆ. ಅಡಿಕೆ ಮರದ ಸಂಕ ಇಬ್ಬನಿಗೆ ಎಣ್ಣೆ ಸವರಿದಂತೆ ಜಾರುತ್ತದೆ. ಎಷ್ಟೇ ಅವಸರವಿರಲಿ, ಒಬ್ಬರು ದಾಟಿದ ಮೇಲೆ ಇನ್ನೊಬ್ಬರು, ಪಾದ ಸ್ವಲ್ಪ ಅಡ್ಡ ಇಟ್ಟು, ನಡೆದೇ. ಹಾವಸೆ ಕಟ್ಟಿದ್ದರೆ ಕೆಳಗಿಳಿದು ಹಳ್ಳ ದಾಟುವುದೇ ಲೇಸು. ಒದ್ದೆ ಸಾಕ್ಸ್ ಸಹಿಸಬಹುದು.

ದಾರಿ ಗುರುತಿಗೆ ಕಟ್ಟಿದ ಬಟ್ಟೆಪಟ್ಟಿಗಳು ಅಲ್ಲಲ್ಲಿ ಬಿದ್ದುಹೋಗಿರಬಹುದು, ದನ ಎಳೆದಿರಬಹುದು. ಅರ್ಧ ಕಿ.ಮೀ. ಓಡಿದರೂ ಗುರುತು ಕಾಣದಿದ್ದರೆ ಮುಂದೆ ಹೋಗಿ ಹುಡುಕದೆ ಕೊನೆಯ ಗುರುತಿನವರೆಗೆ ವಾಪಸ್ ಬನ್ನಿ. ಕಣಿವೆಯಲ್ಲಿ ನೆಟ್‌ವರ್ಕ್ ಇರುವುದಿಲ್ಲ, ನಕ್ಷೆ ಮೊದಲೇ ಡೌನ್‌ಲೋಡ್ ಆಗಿರಲಿ. ಮರದಡಿ ವಾಚಿನ ಜಿಪಿಎಸ್ ತಪ್ಪುತ್ತದೆ. ಉಳಿದ ದೂರಕ್ಕೆ ಅದನ್ನೇ ನಂಬಿ ಕೊನೆಯ ನೀರು ಮುಗಿಸಬೇಡಿ. ಓಟ ಬಿಡುವುದಾದರೆ ಸ್ವಯಂಸೇವಕರಿಗೆ ಹೇಳಿಯೇ ಬಿಡಿ. ಹೇಳದೆ ಯಾರದೋ ಬೈಕ್ ಹತ್ತಿ ಊರಿಗೆ ಹೋದವರನ್ನು ಕತ್ತಲಾಗುವವರೆಗೆ ಕಾಡಿನಲ್ಲಿ ಹುಡುಕಬೇಕಾಗುತ್ತದೆ.

ಮುಗಿದ ಮೇಲೆ

ಗೆರೆ ದಾಟಿದ ಕೂಡಲೇ ಕುಮಟಾ ಬಸ್ಸಿಗೆ ಓಡಬೇಡಿ. ಹತ್ತು ನಿಮಿಷ ನಡೆದು, ಒದ್ದೆ ಬಟ್ಟೆ ಬದಲಿಸಿ, ಏನಾದರೂ ಉಪ್ಪಿನದು ತಿನ್ನಿ. ಮಂಡಿ ಮಡಚಿಕೊಂಡು ಘಟ್ಟದ ತಿರುವುಗಳಲ್ಲಿ ಕೂತರೆ ಮೀನಖಂಡ ಹಿಡಿದುಕೊಳ್ಳುವುದು ಗ್ಯಾರಂಟಿ. ಮರುದಿನ ಮೆಟ್ಟಿಲು ಇಳಿಯಲಾಗದಿದ್ದರೆ ಕಟಾಂಜನ (ಮೆಟ್ಟಿಲ ಪಕ್ಕದ ಕಂಬಿ) ಹಿಡಿದು ಹಿಮ್ಮುಖವಾಗಿ ಇಳಿಯಿರಿ.

ಮಳೆಗಾಲ ಕಳೆದ ಹೊಸತರಲ್ಲಾದರೆ ಉಂಬಳ (ಜಿಗಣೆ). ಉಪ್ಪು ಮುಟ್ಟಿಸಿದರೆ ಬಿಡುತ್ತದೆ, ತುರಿಕೆಯೊಂದನ್ನು ಬಿಟ್ಟು ಬೇರೆ ತೊಂದರೆಯಿಲ್ಲ. ಒಣಕಾಲದ ಉಣುಗು (ಉಣ್ಣೆ ಹುಳ) ಹಾಗಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಅದರಿಂದಲೇ, ಸಿದ್ದಾಪುರದ ಕಡೆಯೂ ಬಂದದ್ದಿದೆ. ಕಾಯಿಲೆಯ ಕಾಲ ಡಿಸೆಂಬರಿನಿಂದ ಮೇವರೆಗೆ, ಅಂದರೆ ಸರಿಯಾಗಿ ಓಟಗಳ ಕಾಲ. ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ (ಉಣುಗು ಹತ್ತದಂತೆ ಹಚ್ಚುವ ಎಣ್ಣೆ) ಸಿಕ್ಕರೆ ಕಾಲಿಗೆ ಹಚ್ಚಿಕೊಂಡು ಓಡಿ, ಸಾಕ್ಸ್ ಉದ್ದದ್ದಿರಲಿ, ದಣಿದರೂ ದರಕಿನ ಮೇಲೆ ಕೂರಬೇಡಿ. ಮನೆಗೆ ಬಂದು ಬಿಸಿನೀರು, ಸೋಪಿನಲ್ಲಿ ಮಿಂದು, ಮಂಡಿಯ ಹಿಂದೆ, ತೊಡೆಸಂದು, ಸೊಂಟಪಟ್ಟಿಯ ಜಾಗ ನೋಡಿಕೊಳ್ಳಿ. ಬಟ್ಟೆ ಬಿಸಿನೀರಿಗೆ ಹಾಕಿ.

ಓಟದ ಮೈಕೈ ನೋವು ಎರಡನೇ ದಿನ ಏರಿ ನಾಲ್ಕೈದನೇ ದಿನಕ್ಕೆ ಇಳಿಯುತ್ತದೆ, ಅದರಲ್ಲಿ ಜ್ವರ ಇರುವುದಿಲ್ಲ. ಈ ಕಾಯಿಲೆ ತೋರುವುದು ಉಣುಗು ಕಚ್ಚಿದ ಮೂರರಿಂದ ಎಂಟು ದಿನಕ್ಕೆ: ಒಮ್ಮೆಲೇ ಜ್ವರ, ತಲೆನೋವು, ಮೈ ಮುರಿಯುವಂಥ ನೋವು. ಓಡಿದ ನೋವೇ ಎಂದುಕೊಂಡು ಮಾತ್ರೆ ನುಂಗಿ ಮಲಗಬೇಡಿ. ಡಾಕ್ಟರ ಹತ್ತಿರ ಹೋದಾಗ ಜ್ವರದ ಮಾತಿಗಿಂತ ಮೊದಲು, ಯಾವ ತಾರೀಖು ಯಾವ ಊರಿನ ಕಾಡಿನಲ್ಲಿ ಓಡಿದಿರಿ ಎಂಬುದನ್ನು ಹೇಳಿ.